ನಿಮಿಷಕ್ಕೆ ಎಷ್ಟು ಗಾಳಿ?

ನನ್ನ ತಾಯಿಯ ಅಡುಗೆಮನೆಯಲ್ಲಿ, ಒಲೆಯ ಬದಿಯ ಗೋಡೆಗೆ ಒರಗಿ, ಹೊಗೆಯಿಂದ ಅರ್ಧ ಕಪ್ಪಾದ ಹಿತ್ತಾಳೆಯ ಊದುಗೊಳವೆಯೊಂದು ಸದಾ ನಿಂತಿರುತ್ತಿತ್ತು. ಕಾರವಾರದ ನಮ್ಮಂಥ ಮನೆಗಳಲ್ಲಿ ಅದಕ್ಕೆ ಫುಂಕಣಿ ಎನ್ನುತ್ತಾರೆ. ಹಸಿ ಸೌದೆ ಹೊಗೆ ಕಾರುತ್ತ ಮುನಿಸಿಕೊಂಡು ಕೂತಾಗ ಅಮ್ಮ ಅದರ ಒಂದು ತುದಿಯನ್ನು ಕೆಂಡದ ಬಳಿಗೊಯ್ದು, ಇನ್ನೊಂದನ್ನು ತುಟಿಗಿಟ್ಟು ಒಂದೇ ಒಂದು ಉಸಿರು ಊದಿದರೆ ಸಾಕು, ಒಲೆ ಧಗ್ಗೆಂದು ಎದ್ದು ಕೂರುತ್ತಿತ್ತು. ಅದೇ ಉಸಿರನ್ನು ನಾನು ಬರಿಬಾಯಿಂದ ಊದಿದರೆ ಬೂದಿ ಹಾರಿ ನನ್ನ ಕಣ್ಣಿಗೇ ಬೀಳುತ್ತಿತ್ತು. ಗಾಳಿ ಅದೇ, ಇಕ್ಕಟ್ಟಿನ ದಾರಿಯಲ್ಲಿ ನಡೆಸಿದಾಗ ಮಾತ್ರ ಅದಕ್ಕೆ ಎಲ್ಲಿಲ್ಲದ ಶಿಸ್ತು ಬರುತ್ತಿತ್ತು. ಗಾಳಿಯಿಂದ ಕೆಲಸ ಮಾಡಿಸುವ ಸಾಧನಗಳಲ್ಲಿ ನಾನು ಕಂಡ ಮೊದಲನೆಯದು ಅದು. ಎರಡನೆಯದನ್ನು ಕೈಯಾರೆ ಹಿಡಿದು ನೋಡುವ ಹೊತ್ತಿಗೆ ನನಗೆ ಅರವತ್ತು ದಾಟಿ ಹೋಗಿತ್ತು.

ನೀವು ನಗಬಹುದು. ಕಾನ್ವೆಂಟಿನಲ್ಲಿ ಓದಿ, ಹುಡುಗಿಯರಿಗೆ ಇಂಗ್ಲಿಷ್ ಗ್ರಾಮರ್ ಕಲಿಸುತ್ತಲೇ ಕೂದಲು ಬೆಳ್ಳಗಾದ ಒಬ್ಬ ಅಕ್ಕೋರಿಗೆ ಏರ್ ಕಂಪ್ರೆಸರಿನ ಗೊಡವೆ ಯಾಕೆ? ನಮ್ಮ ಸಿಸ್ಟರುಗಳು ನಮಗೆ ನೀಡಲ್‌ವರ್ಕ್ ಕಲಿಸಿದರು, ಎಲೊಕ್ಯೂಷನ್ ಕಲಿಸಿದರು, ಸೂಪನ್ನು ಸದ್ದು ಮಾಡದೆ ಕುಡಿಯುವುದನ್ನು ಕಲಿಸಿದರು (ಸೂಪು ನಮ್ಮ ಮನೆಗಳಲ್ಲಿ ಇರುತ್ತಲೇ ಇರಲಿಲ್ಲ, ದಟ್ಸ್ ಅನದರ್ ಮ್ಯಾಟರ್). ನಟ್ಟು ಬಿಗಿಯುವ ಪಾನಾ ಹಿಡಿಯುವುದನ್ನು ಯಾರೂ ಕಲಿಸಲಿಲ್ಲ. ಆದರೆ ಸೈನ್ಸ್ ತೆಗೆದುಕೊಳ್ಳುತ್ತಿದ್ದ ಮುದುಕಿ ಸಿಸ್ಟರೊಬ್ಬರು, ಯಾವ ಪ್ರಶ್ನೆ ಕೇಳಿದರೂ “ಗುಡ್, ನೌ ಫೈಂಡ್ ಔಟ್” ಎಂದು ನಮ್ಮ ಪ್ರಶ್ನೆಯನ್ನು ನಮ್ಮ ಮಡಿಲಿಗೇ ಹಾಕಿ ಕಳಿಸುತ್ತಿದ್ದರು. ಆ ಚಟ ಹೋಗಲಿಲ್ಲ.

ಇಷ್ಟಕ್ಕೂ ಕಾರಣ ನನ್ನ ಅಣ್ಣ. ನಾವು ದಾದಾ ಎಂದು ಕರೆಯುವವನು. ಬಂದರಿನ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದ ಮೇಲೆ ಅಂಕೋಲಾ ತಾಲೂಕಿನ ಹಟ್ಟಿಕೇರಿಯಲ್ಲಿ, ವೈನಿಯ ತವರಿನ ಕಡೆಯ ಜಾಗದಲ್ಲಿ ಮನೆ ಕಟ್ಟಿಕೊಂಡ. ವೈನಿ ಎಂದರೆ ಅತ್ತಿಗೆ. ಅವಳು ಮದುವೆಯಾಗಿ ಬಂದ ಮೇಲೆಯೇ ನಮ್ಮ ಮನೆಯ ಕೊಂಕಣಿಯೊಳಗೆ ಅಂಕೋಲೆಯ ಕನ್ನಡ ಬಂದು ಸೇರಿ, ಕೊನೆಗೆ ಅದೇ ಮೇಲಾಯಿತು. ನಾನು ಕಾರವಾರದಲ್ಲಿ ಇದ್ದರೂ ಶನಿವಾರ ಭಾನುವಾರ ಬಂತೆಂದರೆ ಬಸ್ಸು ಹತ್ತಿ ಅವರಲ್ಲಿಗೆ ಹೋಗುವುದು ರೂಢಿ. ಯಾವುದೋ ಇಲಾಖೆ ಹರಾಜಿಗಿಟ್ಟ ಹಳೆಯ ಜೀಪೊಂದನ್ನು ದಾದಾ ಕೊಂಡಿದ್ದ. ಓಡಿಸುವುದಕ್ಕಿಂತ ಬಿಚ್ಚುವುದರಲ್ಲೇ ಅವನಿಗೆ ಹೆಚ್ಚು ಸುಖ. ಬೇರೆ ಗಂಡಸರು ಊಟವಾದ ಮೇಲೆ ಪೇಪರು ಬಿಡಿಸುತ್ತಾರೆ, ಇವನು ಜೀಪಿನ ಬಾನೆಟ್ಟು ಬಿಡಿಸುತ್ತಿದ್ದ. ನಮ್ಮ ಕರಾವಳಿಯಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಸಮುದ್ರದ ಕಡೆಯಿಂದ ಬರುವ ಉಪ್ಪುಗಾಳಿ ಕಿಟಕಿಯ ಸರಳು, ಗೇಟಿನ ಬಿಜಾಗರಿ, ಜೀಪಿನ ತಳ ಎಲ್ಲವನ್ನೂ ಚಹಾಕ್ಕೆ ಅದ್ದಿದ ಬಿಸ್ಕಿಟಿನಂತೆ ಮೆತ್ತಗೆ ಮಾಡಿ ತಿನ್ನುತ್ತದೆ. ದಾದಾ ಆ ಜೀಪನ್ನು ಸಂಪೂರ್ಣ ಬಿಚ್ಚಿ, ತೂತು ಬಿದ್ದ ತಳಕ್ಕೆ ತಗಡು ಬೆಸೆಸಿ, ತುಕ್ಕು ತಡೆಯುವ ಬಣ್ಣ ಬಳಿದು, ಇನ್ನೇನು ಒಂದೊಂದೇ ಭಾಗವನ್ನು ತಿರುಗಿ ಜೋಡಿಸಬೇಕು ಎನ್ನುವಾಗ ಅವನಿಗೆ ಲಕ್ವ ಹೊಡೆಯಿತು.

ಕಾಲು ಮರಳಿ ಬಂತು, ಮಾತೂ ಬಂತು. ಬಲಗೈ ಮಾತ್ರ ಅರ್ಧಕ್ಕೇ ಬಂದು ನಿಂತಿತು. ಬೆರಳು ಮುಚ್ಚುತ್ತಿದ್ದವು, ಮುಷ್ಟಿ ಹಿಡಿಯುತ್ತಿತ್ತು, ಆದರೆ ಮಣಿಕಟ್ಟು ತಿರುಗುತ್ತಿರಲಿಲ್ಲ. ಫಿಟ್ಟರನಿಗೆ ಮಣಿಕಟ್ಟು ಎಂದರೆ ಏನೆಂದು ನಾನು ಹೇಳಬೇಕಿಲ್ಲ. ಎಡಗೈ ಇತ್ತಲ್ಲ ಎನ್ನುತ್ತೀರಿ. ಬೋಲ್ಟಿನ ತಲೆಯನ್ನು ಒಂದು ಕೈ ಹಿಡಿದಿರಬೇಕು, ಇನ್ನೊಂದು ಕೈ ನಟ್ಟು ತಿರುಗಿಸಬೇಕು, ಆಗಲೇ ಅದು ಬಿಗಿಯಾಗುವುದು. ಜೀಪು ನಾಲ್ಕು ಚಿರೆಕಲ್ಲಿನ ಕಂಬಗಳ ಮೇಲೆ, ಚಕ್ರವಿಲ್ಲದೆ, ಮಡ್‌ಗಾರ್ಡ್ ಇಲ್ಲದೆ ತೆಂಗಿನ ಮಡಲಿನ ಚಪ್ಪರದಡಿ ಎರಡು ಮಳೆಗಾಲ ನೆನೆಯಿತು. ಅಂಕೋಲೆಯ ಗ್ಯಾರೇಜಿನವನು ಒಮ್ಮೆ ಬಂದು, ತಾನು ಎರಡು ದಿನದಲ್ಲಿ ಜೋಡಿಸಿಕೊಡುತ್ತೇನೆ ಎಂದ. ದಾದಾ ಅವನನ್ನು ಗೇಟಿನಾಚೆ ದಾಟಿಸಿಯೇ ಬಂದ.

“ನಾ ಬಿಚ್ಚಿದ್ದು ನಾನೇ ಜೋಡಿಸ್ಬೇಕು,” ಎಂದ ನನ್ನ ಕಡೆ ತಿರುಗಿ. “ಬರೂ ಮಳೆಯೊಳಗೆ ಕಲ್ಲಿಂದ ಇಳಿದ್ರೆ ಇಳೀತು. ಇಲ್ಲಾ ಅಂದ್ರೆ ಗುಜರಿಯವ ಎತ್ಕಂಡು ಹೋಗ್ಲಿ. ಬೇರೆಯವ್ರ ಕೈ ಅದಕ್ಕೆ ತಾಗೂದು ಬೇಡ.”

“ನಾನು ಒಂದು ನಟ್ ಹಿಡಿದ್ರೂ ಬೇಡ್ವಾ?” ಎಂದಳು ವೈನಿ.

“ನೀನು ಹಿಡಿಯೂದು ಬಂಗಡೆ. ಅದ್ನೇ ಹಿಡಿ.”

ಮಾತು ತಮಾಷೆಯದೇ. ಆದರೆ ಆಮೇಲೆ ವೈನಿ ಆ ಚಪ್ಪರದೊಳಗೆ ಕಾಲಿಡಲಿಲ್ಲ. ಚಹಾ ಕೊಡುವುದಿದ್ದರೂ ಚಪ್ಪರದ ಅಂಚಿನ ಕಂಬದ ಬಳಿ ಇಟ್ಟು ಕೂಗಿ ಹೋಗುತ್ತಿದ್ದಳು. ಈ ಮನುಷ್ಯ ಒಂದು ಹಳೆಯ ಜೀಪಿನ ಮೇಲೆ ತನ್ನ ಕೈಯ ಭವಿಷ್ಯವನ್ನೇ ಪಣಕ್ಕಿಟ್ಟಿದ್ದಾನೆ, ಅದು ಗುಜರಿಗೆ ಹೋದ ದಿನ ಇವನೂ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ, ಅಷ್ಟೇ.

ಗಾಳಿಯ ಯೋಚನೆ ಬಂದದ್ದು ಹೆದ್ದಾರಿ ಬದಿಯ ಒಂದು ಟೈರಿನಂಗಡಿಯಲ್ಲಿ. ನಾನು ಕೂತಿದ್ದ ಟೆಂಪೋ ಪಂಕ್ಚರಾಗಿ ಅಲ್ಲಿ ನಿಂತಿತ್ತು. ಅಂಗಡಿಯವನು ಒಂದು ಕೈಯಲ್ಲಿ ಚಹಾದ ಗ್ಲಾಸು ಹಿಡಿದುಕೊಂಡೇ ಇನ್ನೊಂದು ಕೈಯಿಂದ, ಗಾಳಿಯ ಪೈಪು ಸಿಕ್ಕಿಸಿದ ಪಿಸ್ತೂಲಿನಂಥದೊಂದನ್ನು ಚಕ್ರಕ್ಕೆ ಒತ್ತಿದ. ಝುರ್ ಎಂದಿತು, ನಟ್ಟು ಕಳಚಿತು, ಝುರ್, ಇನ್ನೊಂದು. ಗ್ಲಾಸಿನ ಚಹಾ ತುಳುಕಲೂ ಇಲ್ಲ. ಅವನ ಮಣಿಕಟ್ಟನ್ನೇ ನೋಡುತ್ತ ನಿಂತೆ. ಅದು ತಿರುಗುತ್ತಲೇ ಇರಲಿಲ್ಲ! ಬೆರಳು ಒತ್ತುತ್ತಿತ್ತು, ತಿರುಗುವ ಕಷ್ಟವನ್ನೆಲ್ಲ ಗಾಳಿ ಪಡುತ್ತಿತ್ತು. ಟೆಂಪೋದವನು ಹಾರ್ನ್ ಬಾರಿಸಿ “ಅಕ್ಕೋರೆ, ಬರ್ತ್ರೋ, ಇಲ್ಲೇ ಕೆಲ್ಸಕ್ಕೆ ಸೇರ್ತ್ರೋ?” ಎಂದು ಕೂಗುವವರೆಗೆ ನನಗೆ ಎಚ್ಚರವೇ ಇರಲಿಲ್ಲ.

ಆಗಷ್ಟೇ ಕಾರವಾರದಲ್ಲಿ ಸೈಬರ್ ಕೆಫೆಗಳು ಬಂದಿದ್ದ ಕಾಲ. ಹಲಗೆಯ ಗೂಡುಗಳಲ್ಲಿ ಕಾಲೇಜು ಹುಡುಗರು ರಿಸಲ್ಟ್ ನೋಡುತ್ತಿದ್ದರೆ, ಪಕ್ಕದ ಗೂಡಿನಲ್ಲಿ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ನಾನು, ಯಾವುದೋ ದೇಶದ ಯಾರೋ ತಮ್ಮ ಮನೆಯ ಶೆಡ್ಡಿನಲ್ಲಿ ಹಳೆಯ ಕಾರುಗಳಿಗೆ ಜೀವ ಕೊಡುವ ಕತೆಗಳನ್ನು ಓದುತ್ತಿದ್ದೆ. ಐ ಮಸ್ಟ್ ಸೇ, ಪ್ರೇಮಕಥೆಗಳನ್ನು ಓದುವ ವಯಸ್ಸಿನಲ್ಲೂ ನಾನು ಅಷ್ಟು ತನ್ಮಯಳಾಗಿರಲಿಲ್ಲ. ಎಲ್ಲರೂ ಹೊಸಬರಿಗೆ ಹೇಳುವ ಬುದ್ಧಿಮಾತು ಒಂದೇ: ಮೊದಲು ಕಂಪ್ರೆಸರ್ ಕೊಳ್ಳಬೇಡ, ಮೊದಲು ಅದರಿಂದ ಯಾವ ಕೆಲಸ ಮಾಡಿಸುತ್ತೀಯೆಂದು ತೀರ್ಮಾನಿಸು. ಕೇಳಲು ಸರಳ. ಆದರೆ ಬದುಕಿನಲ್ಲಿ ನಾವೆಲ್ಲ ಮಾಡುವುದು ಅದರ ತಿರುವುಮುರುವು. ದೊಡ್ಡ ಪಾತ್ರೆ ಮೊದಲು ತಂದು, ಅದರಲ್ಲಿ ಏನು ಬೇಯಿಸುವುದೆಂದು ಆಮೇಲೆ ಯೋಚಿಸುತ್ತೇವೆ.

ಅಲ್ಲಿ ತಿಳಿದದ್ದನ್ನು ನನಗೆ ನಾನೇ ಹೀಗೆ ಬಿಡಿಸಿ ಹೇಳಿಕೊಂಡೆ. ಮನೆಯ ಮೇಲಿನ ನೀರಿನ ಟಾಕಿಯನ್ನು ನೆನೆಯಿರಿ. ಟಾಕಿ ಎಷ್ಟು ಎತ್ತರದಲ್ಲಿದೆ ಎನ್ನುವುದು ಒಂದು, ಪಂಪು ಅದಕ್ಕೆ ನಿಮಿಷಕ್ಕೆ ಎಷ್ಟು ನೀರು ಏರಿಸುತ್ತದೆ ಎನ್ನುವುದು ಇನ್ನೊಂದು. ಗಾಳಿಯಲ್ಲೂ ಹಾಗೇ: ಒತ್ತಡ ಬೇರೆ, ಹರಿವು ಬೇರೆ. ಅಂಗಡಿಯವರು ಒತ್ತಡದ ಅಂಕಿಯನ್ನೂ ಮೋಟಾರಿನ ಹಾರ್ಸ್‌ಪವರನ್ನೂ ದೊಡ್ಡ ಅಕ್ಷರದಲ್ಲಿ ಅಂಟಿಸಿರುತ್ತಾರೆ. ಉಪಕರಣಕ್ಕೆ ನಿಜವಾಗಿ ಬೇಕಾದದ್ದು ನಿಮಿಷಕ್ಕೆ ಎಷ್ಟು ಗಾಳಿ ಸಿಗುತ್ತದೆ ಎನ್ನುವ ಲೆಕ್ಕ, ಅದು ಚಿಕ್ಕ ಅಕ್ಷರದಲ್ಲಿ ಹಿಂಬದಿಗೆ ಇರುತ್ತದೆ. ನಟ್ಟು ಬಿಗಿಯುವ ಗನ್ನು ಗುಟುಕು ಗುಟುಕಾಗಿ ಗಾಳಿ ಕುಡಿಯುತ್ತದೆ. ನಡುವೆ ಟಾಕಿ ಮತ್ತೆ ತುಂಬಿಕೊಳ್ಳಲು ಪುರಸೊತ್ತಿದೆ. ತುಕ್ಕು ಉಜ್ಜುವ ಯಂತ್ರವೋ ಬಕಾಸುರ. ಬಾಯಿ ತೆರೆದರೆ ಮುಚ್ಚುವುದೇ ಇಲ್ಲ, ಅದನ್ನು ತಣಿಸಲು ಮನೆಯ ಕಂಪ್ರೆಸರಿಗೆ ಆಗದು. ಬಣ್ಣ ಸಿಂಪಡಿಸುವ ಗನ್ನು ಇವೆರಡರ ನಡುವಿನ ಜಾತಿ, ಆದರೆ ಅದಕ್ಕೆ ಒಣಗಾಳಿ ಬೇಕು, ಮತ್ತು ನಮ್ಮ ಊರಿನಲ್ಲಿ ಒಣಗಾಳಿ ಎಂಬುದು ಮಾರ್ಗಶಿರದ ಕೆಲವು ಬೆಳಗುಗಳ ಸೌಭಾಗ್ಯ. ದಾದಾನ ತುಕ್ಕು ಉಜ್ಜಿ ಮುಗಿದಿತ್ತು, ಬಣ್ಣಕ್ಕೆ ಅವಸರವಿರಲಿಲ್ಲ. ಅವನಿಗೆ ಬೇಕಾದದ್ದು ಗುಟುಕು ಗಾಳಿ.

ಸಾಮಾನು ನೋಡಲು ಮಡಗಾಂವಿಗೇ ಹೋಗಬೇಕಾಯಿತು. ಬೆಳಗಿನ ಬಸ್ಸಿನಲ್ಲಿ ಮಾಜಾಳಿಯಿಂದ ಗೋವೆಯ ಕೆಲಸಕ್ಕೆ ಹೋಗುವವರ ನಡುವೆ ನಾನೂ ನಿಂತೇ ಹೋದೆ. ಅಂಗಡಿಯವನು ಕೊಂಕಣಿಯಲ್ಲಿ, ಹೆಂಗಸರನ್ನು ಮರ್ಯಾದೆಯಿಂದ ಕರೆಯುವಂತೆ “ಬಾಯ್, ಗ್ಯಾರೇಜ್ ಹಾಕುವವರು ಯಾರು, ಮಗನಾ?” ಎಂದು ಕೇಳಿದ.

“ಅಣ್ಣನಿಗೆ,” ಎಂದೆ.

“ಹಾಗಾದರೆ ದೊಡ್ಡದೇ ತಗೊಳ್ಳಿ. ಮೂರು ಹಾರ್ಸ್‌ಪವರ್. ಬಟನ್ ಒತ್ತಿದರೆ ಊರೇ ಹಾರಬೇಕು.”

“ಊರು ಇದ್ದಲ್ಲೇ ಇರಲಿ. ಇದು ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ?”

ಅವನು ನನ್ನನ್ನೊಮ್ಮೆ, ಕಂಪ್ರೆಸರನ್ನೊಮ್ಮೆ ನೋಡಿದ. ಮೂಲೆಯಿಂದ ಯಾರನ್ನೋ ಕರೆದು, “ಏ, ಬಾಯ್ ಅವರಿಗೆ ಹಿಂದಿನ ಚೀಟಿ ಓದಿ ಹೇಳು ಮಾರಾಯ, ಇವರು ಪರೀಕ್ಷೆ ತೆಗೆದುಕೊಳ್ಳಲು ಬಂದಿದ್ದಾರೆ” ಎಂದ. ಇಬ್ಬರೂ ನಕ್ಕೆವು. ಹೋಗಲಿ ಬಿಡಿ, ಆಮೇಲೆ ಅವನು ಮೂರೂ ಕಂಪ್ರೆಸರುಗಳನ್ನು ಓಡಿಸಿ ತೋರಿಸಿದ. ಎಣ್ಣೆಯೇ ಬೇಡದ ಚಿಕ್ಕದು ಹಗುರ, ಆದರೆ ಹುಚ್ಚುನಾಯಿಯಂತೆ ಬೊಗಳುತ್ತಿತ್ತು. ದೊಡ್ಡದಕ್ಕೆ ಮೂರು ಫೇಸಿನ ಕರೆಂಟು ಬೇಕಿತ್ತು. ಹಟ್ಟಿಕೇರಿಯ ಮನೆಯಲ್ಲಿ ಸಂಜೆ ಟ್ಯೂಬ್‌ಲೈಟ್ ಹತ್ತಿಕೊಳ್ಳುವುದೇ ದೊಡ್ಡ ಮಾತು. ನಡುವಿನದು, ಬೆಲ್ಟಿನ ಮೇಲೆ ತಿರುಗುವ, ನಿಧಾನಕ್ಕೆ ಟುಕುಟುಕು ಎನ್ನುವ, ಹೊಟ್ಟೆ ದೊಡ್ಡದಾದ ಒಂದು. ಅದನ್ನೇ ಆರಿಸಿದೆ. ಮನುಷ್ಯರಲ್ಲೂ ನನಗೆ ಆ ಜಾತಿಯವರೇ ಇಷ್ಟ.

ಗನ್ನು ಆರಿಸುವುದು ಇನ್ನೂ ಸೂಕ್ಷ್ಮ. ಸಂಧಿವಾತ ಹಿಡಿದ ನನ್ನ ಬೆರಳುಗಳೇ ಅಲ್ಲಿ ಅಳತೆಗೋಲು. ಬಂದೂಕಿನ ಕುದುರೆಯಂಥ ಸಣ್ಣ ಗುಂಡಿಯದು ಒಂದೇ ಬೆರಳನ್ನು ಕೇಳುತ್ತಿತ್ತು, ಭಾರವೂ ಇತ್ತು. ಅದರ ಪಕ್ಕದಲ್ಲಿ ಲಟ್ಟಣಿಗೆಯಂತೆ ಉದ್ದಕ್ಕಿದ್ದ ಇನ್ನೊಂದು, ಏರ್ ರಾಚೆಟ್ ಎಂದು ಹೆಸರು; ಅದರ ಬೆನ್ನಿನ ಮೇಲೊಂದು ಉದ್ದನೆಯ ಪಟ್ಟಿ. ಬರೀ ಮುಷ್ಟಿ ಮುಚ್ಚಿದರೆ ಸಾಕು, ತುದಿಯಲ್ಲಿ ನಟ್ಟು ತಿರುಗುತ್ತದೆ. ದಾದಾನ ಕೈಗೆ ತಿಳಿದಿದ್ದ ಒಂದೇ ಒಂದು ವಿದ್ಯೆ ಮುಷ್ಟಿ ಮುಚ್ಚುವುದು. ಅಂಗಡಿಯ ಧೂಳಿನಲ್ಲಿ ಅದನ್ನು ಹಿಡಿದು ನಿಂತಾಗ, ಯಾರೋ ಅವನ ಕೈಯನ್ನು ನೋಡಿಯೇ ಇದನ್ನು ಮಾಡಿದ್ದಾರೆ ಎನ್ನಿಸಿ ನನಗೆ ಕಣ್ಣು ಮಂಜಾಯಿತು. ಚಕ್ರಕ್ಕೆಂದು ಹಗುರದ ಗನ್ನೊಂದನ್ನೂ ಕಟ್ಟಿಸಿಕೊಂಡೆ.

ಮೀನು ಇಳಿಸಿ ಗೋವೆಯಿಂದ ಖಾಲಿ ಮರಳುವ ಪಿಕಪ್ಪೊಂದರಲ್ಲಿ, ಐಸಿನ ಕ್ರೇಟುಗಳ ನಡುವೆ ಕೂತು ಕಂಪ್ರೆಸರು ಹಟ್ಟಿಕೇರಿಗೆ ಬಂತು. ದಾದಾ ಅದರ ಸುತ್ತ ಒಂದು ಸುತ್ತು ಬಂದು, “ಶಾಲೂ, ನಿಂಗೆ ಪೆನ್ಶನ್ ಹೆಚ್ಚಾಯ್ತಾ?” ಎಂದ. ಆದರೆ ಸಂಜೆಯೊಳಗೆ ಚಪ್ಪರದ ಕೆಳಗೆ ಅದಕ್ಕೆ ಜಾಗ ಮಾಡಿ, ಪೈಪು ಜೋಡಿಸಿ, ಎಡಗೈಯಲ್ಲಿ ಪಾನಾ, ಬಲಗೈಯಲ್ಲಿ ರಾಚೆಟ್ ಹಿಡಿದು ಮೊದಲ ಬೋಲ್ಟಿಗೆ ಇಟ್ಟ. ಮುಷ್ಟಿ ಮುಚ್ಚಿತು. ಟರ್‍ರ್ ಎಂದು ನಟ್ಟು ಓಡಿ ಹೋಗಿ ತನ್ನ ಮನೆ ಸೇರಿತು. ಅವನು ನಮ್ಮ ಕಡೆ ನೋಡಲಿಲ್ಲ; ಕೈಯನ್ನು ನೋಡಿದ. ಚಪ್ಪರದ ಹೊರಗೆ ವೈನಿ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಏನು ಗಲಾಟೆ ಅದರದ್ದು, ಹಿಟ್ಟಿನ ಗಿರಣಿಯೇ ತಂದಿಟ್ಟ ಹಾಗೆ” ಎಂದು ಬೈದಳು.

ಯಂತ್ರದ ಆರೈಕೆಯನ್ನು ನಾವು ಹಂಚಿಕೊಂಡೆವು. ಟಾಕಿಯ ಬುಡದ ತಿರುಪನ್ನು ಸಡಿಲಿಸಿ ನೀರು ಬಸಿಯುವುದು, ನಾನಿದ್ದ ದಿನ ನನ್ನ ಪಾಲು. ಗಾಳಿಯನ್ನು ಒತ್ತಿ ತುಂಬಿದಾಗ ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ನಮ್ಮ ಕಡೆ ಅದು ಹನಿಯಲ್ಲ, ಲೋಟ. ಆ ತುಕ್ಕುಬಣ್ಣದ ನೀರು ಸುರಿಯುವುದನ್ನು ನೋಡುತ್ತ, ಇದನ್ನೆಲ್ಲ ನಾವು ದಿನವಿಡೀ ಉಸಿರಾಡುತ್ತಿದ್ದೇವಲ್ಲ, ಕಾರವಾರದವರ ಮಾತಿನ ರಾಗ ಅಷ್ಟು ತೇಲುವುದು ಇದಕ್ಕೇ ಇರಬೇಕು ಎಂದುಕೊಳ್ಳುತ್ತಿದ್ದೆ. ಇನ್ನೊಂದು ಕೆಲಸ, ಉಪಕರಣದ ಬಾಲದ ತೂತಿಗೆ ದಿನವೂ ನಾಲ್ಕು ಹನಿ ಎಣ್ಣೆ ಬಿಡುವುದು. ಅದಕ್ಕೆಂದೇ ಅಂಗಡಿಯವನು ಒಂದು ಚಿಕ್ಕ ಡಬ್ಬಿ ಕೊಟ್ಟಿದ್ದ. ದಾದಾ ಜೀಪಿನ ಹತ್ತಿರಕ್ಕೆ ಯಾರನ್ನೂ ಸೇರಿಸದಿದ್ದರೂ ಉಪಕರಣಗಳನ್ನು ರಾತ್ರಿ ಮನೆಯೊಳಗೆ ತಂದಿಡುತ್ತಿದ್ದ. ವೈನಿ ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಅವಕ್ಕೆ ಎಣ್ಣೆ ಬಿಟ್ಟು ಕೊಡುತ್ತಿದ್ದಳು.

ಶುರುವಿನ ದಿನಗಳು ಹಬ್ಬದಂತೆ ಕಳೆದವು. ಆಮೇಲೆ ಒಂದು ಶನಿವಾರ ಹೋದರೆ ದಾದಾ ಮಂಕಾಗಿ ಕೂತಿದ್ದ. ಬೆಳಗ್ಗೆ ಕೆಲವು ಬೋಲ್ಟು ಸಲೀಸಾಗಿ ಏರುತ್ತವೆ, ಬರಬರುತ್ತ ರಾಚೆಟ್ಟಿನ ಓಟ ಕುಂಟುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಊಟ ಮಾಡಿ ಮಲಗಿ ಎದ್ದು ಬಂದರೆ ಮತ್ತೆ ಓಡುತ್ತದೆ, ಮತ್ತೆ ಸುಸ್ತಾಗುತ್ತದೆ.

“ಯಂತ್ರ ಸರಿ ಅದೆ,” ಎಂದ ದಾದಾ. “ಮುಷ್ಟಿ ಪೂರ್ತಿ ಮುಚ್ತಾ ಇಲ್ಲ. ಡಾಕ್ಟರು ಹೇಳಿದ್ರಲ್ಲ, ಕೈ ಬೇಗ ದಣೀತದೆ ಅಂತ.”

“ಎಲ್ಲಿ, ನನ್ನ ಕೈ ಅಮುಕು,” ಎಂದೆ. ಅಮುಕಿದ. ನೋವಾಗುವಷ್ಟು ಬಲವಿತ್ತು. ಹಾಗೆಂದರೆ “ಸಮಾಧಾನ ಹೇಳ್ಬೇಡ, ನಾನೇನು ನಿನ್ನ ಕ್ಲಾಸಿನ ಹುಡುಗಿಯಾ?” ಎಂದು ಸಿಡುಕಿದ.

ವಾರದಿಂದ ವಾರಕ್ಕೆ ಅವನ ಬೋಲ್ಟುಗಳು ಕಡಿಮೆಯಾದವು. ದಣಿದ ಕೈ ಹೇಗೆ ನಡೆದುಕೊಳ್ಳುತ್ತದೋ ಯಂತ್ರವೂ ಹಾಗೇ ನಡೆದುಕೊಳ್ಳುತ್ತಿದ್ದರೆ, ತಪ್ಪು ಯಾರದೆಂದು ಹೇಗೆ ಹೇಳುವುದು? ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು. ಚಪ್ಪರಕ್ಕೆ ಹೊಸ ಮಡಲು ಹೊದಿಸುವವನು ಬಂದು, ಜೀಪು ಇಲ್ಲೇ ಇರುತ್ತದೋ ಹೇಗೆ ಎಂದು ಕೇಳಿದ. ದಾದಾ, “ಗುಜರಿಯವನಿಗೆ ಹೇಳಿ ಕಳಿಸಿದ್ದೆ, ಸೋಮವಾರ ಬರ್ತ” ಎಂದ. ವೈನಿ ಬಾವಿಕಟ್ಟೆಯ ಬಳಿ ಪಾತ್ರೆ ಉಜ್ಜುತ್ತಿದ್ದವಳು ಉಜ್ಜುವುದನ್ನು ನಿಲ್ಲಿಸಿದಳು.

ನನ್ನೊಳಗಿನ ಹಳೆಯ ಸಿಸ್ಟರು ಎದ್ದು ಕೂತರು. ಗುಡ್, ನೌ ಫೈಂಡ್ ಔಟ್. ಮೊದಲು ಕರೆಂಟಿನ ಮೇಲೆ ಅನುಮಾನ ಪಟ್ಟೆ. ಬೆಳಕು ಉಜ್ವಲವಾಗಿದ್ದಾಗಲೂ ರಾಚೆಟ್ ಕುಂಟುತ್ತಿತ್ತು. ಪೈಪಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೋ ನೋಡಿದೆ, ಎಲ್ಲೂ ಸೋರಿಕೆಯಿಲ್ಲ. ಟಾಕಿಯ ನೀರು ಬಸಿದೆ. ಒತ್ತಡದ ಮುಳ್ಳು ಇರಬೇಕಾದಲ್ಲೇ ಇತ್ತು. ದಾದಾ ಸಂಜೆ ರಾಚೆಟ್ಟನ್ನು ಬಿಚ್ಚಿ ನೋಡಿದ್ದನಂತೆ, ಒಳಗೆ ಎಲ್ಲ ಸ್ವಚ್ಛ, ಸರಾಗ. ಸಂಜೆ ಬಿಚ್ಚಿದ್ದ ಎನ್ನುವ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ.

ಆ ಭಾನುವಾರ ಮಟಮಟ ಮಧ್ಯಾಹ್ನ, ಮಳೆಗೆ ಮುಂಚಿನ ಸೆಕೆ ಬೆನ್ನಲ್ಲಿ ಹರಿಯುತ್ತಿದ್ದಾಗ, ರಾಚೆಟ್ಟಿನ ಟರ್‍ರ್ ಸಪ್ಪಳ ಸಣ್ಣಗಾಗಿ ನಿಂತಿತು. ದಾದಾ ಅದನ್ನು ಜೀಪಿನ ತಳದ ಮೇಲೆ ಇಟ್ಟು, ಅಲ್ಲ, ಬಿಟ್ಟು ಹೊರಗೆ ನಡೆದ. ನಾನು ನಿಷೇಧ ಮುರಿದು ಜೀಪಿನ ಹತ್ತಿರಕ್ಕೇ ನುಗ್ಗಿ ಅದನ್ನೆತ್ತಿಕೊಂಡೆ. ಎತ್ತಿಕೊಂಡವಳು ಬೆಚ್ಚಿ ಇನ್ನೇನು ಬಿಟ್ಟೇಬಿಡುತ್ತಿದ್ದೆ. ಅದು ಐಸ್‌ಕ್ಯಾಂಡಿಯಂತೆ ತಣ್ಣಗಿತ್ತು! ಮೈಮೇಲೆ ಬೆವರ ಹನಿ ಬೇರೆ. ಮುಷ್ಟಿ ಒತ್ತಿದೆ, ನನ್ನ ಕೈಯಲ್ಲೂ ಅದು ಗೊಣಗಿತೇ ಹೊರತು ತಿರುಗಲಿಲ್ಲ. ಗಾಳಿ ಹೊರಬೀಳುವ ಸಣ್ಣ ತೂತುಗಳ ಬಾಯಲ್ಲಿ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು. ಉಗುರಿನಿಂದ ಕೆರೆದು ಅಂಗೈಗೆ ತೆಗೆದುಕೊಂಡೆ. ನೋಡನೋಡುತ್ತಲೇ ಅದು ಕರಗಿ ನೀರಿನಂತಾಯಿತು. ಮೂಸಿದೆ.

“ದಾದಾ!” ಎಂದು ನಾನು ಕಿರುಚಿದ್ದು ಅಂಕೋಲೆಗೆ ಕೇಳಿರಬೇಕು. “ನಿನ್ನ ಕೈಯಲ್ಲ! ಇದು ನನ್ನ ಕೈಯಲ್ಲೂ ತಿರುಗ್ತಾ ಇಲ್ಲ. ಬೇಗ ಬಾ, ಕರಗಿ ಹೋಗ್ತದೆ!”

ಅವನು ಬಂದು ಹಿಡಿದು ನೋಡಿದ. ಬೆರಳು ಹಚ್ಚಿದ. ಮೂಸಿದ. ನಿಧಾನವಾಗಿ ತಲೆಯೆತ್ತಿ ಬಾವಿಕಟ್ಟೆಯ ಕಡೆ ನೋಡಿದ. “ತೆಂಗಿನೆಣ್ಣೆ,” ಎಂದ.

ವೈನಿ ಒದ್ದೆ ಕೈ ಒರೆಸಿಕೊಳ್ಳುತ್ತ ಕಂಬದವರೆಗೆ ಬಂದು ನಿಂತಳು. “ಹೌದು, ನಾನೇ ಬಿಟ್ಟದ್ದು,” ಎಂದಳು. “ಆ ಡಬ್ಬಿ ಎಣ್ಣೆ ಎಂತಾ ವಾಸ್ನೆ ಅಂತೀರಿ. ಆ ಯಂತ್ರ ಗಾಳಿ ಬಿಡೂದು ನಿಮ್ಮ ಕೈ ಮೇಲೇ ಅಲ್ವಾ? ದಿನಾ ಬೆಳಗಾದ್ರೆ ಅದೇ ಕೈಗೆ ನಾನು ಎಣ್ಣೆ ತಿಕ್ಕೂದು. ಒಳ್ಳೆದು ತಿಕ್ಕಿ, ಮೇಲೆ ಅದ್ನ ಹೊಡಿಸ್ಕಳೂದು ಎಂತಕೆ ಅಂತ, ಡಬ್ಬಿ ಚೆಲ್ಲಿ ಮನೆ ಎಣ್ಣೆ ತುಂಬ್ಸಿಟ್ಟೆ. ಈಳಿಗೆಮಣೆಗೂ ಅದೇ, ಬಾಗಿಲಿಗೂ ಅದೇ. ಯಾವುದೂ ಇಲ್ಲಿವರೆಗೆ ನಿಂತದ್ದಿಲ್ಲ.”

ನೋಡಿ, ಇದು ನಮ್ಮ ಕರಾವಳಿಯ ಹೆಂಗಸಿಗೆ ಮಾತ್ರ ಹೊಳೆಯುವ ಉಪಚಾರ. ಮೇ ತಿಂಗಳ ಬಿಸಿಲಿನಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆಂದು ಯಾರು ತಾನೇ ಊಹಿಸಿಯಾರು? ನಮಗೆ ಅದು ಬಾಟಲಿಯಲ್ಲಿ ಬೆಳ್ಳಗಾಗುವುದು ಚಳಿಗಾಲದ ಕೆಲವು ಮುಂಜಾವುಗಳಲ್ಲಿ ಮಾತ್ರ. ಆದರೆ ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪು ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿದ್ದೀರಿ. ಟ್ಯೂಬಿನ ಗಾಳಿ ಬಿಟ್ಟಾಗ ಅದು ಬೆರಳಿಗೆ ತಣ್ಣಗೆ ತಾಗುವುದನ್ನೂ ಬಲ್ಲಿರಿ. ಒತ್ತಿ ಹಿಡಿದ ಗಾಳಿ ಬಿಡುಗಡೆಯಾಗಿ ಹಿಗ್ಗುತ್ತ, ಕೆಲಸವನ್ನೂ ಮಾಡುವಾಗ ತನ್ನೊಳಗಿನ ಬಿಸಿಯನ್ನೇ ಖರ್ಚು ಮಾಡಿಕೊಳ್ಳುತ್ತದೆ. ಒಂದಾದ ಮೇಲೊಂದು ಬೋಲ್ಟು ಏರಿಸಿದಷ್ಟೂ ಯಂತ್ರದ ಹೊಟ್ಟೆಯೊಳಗೆ ಒಂದು ಪುಟ್ಟ ಪುಷ್ಯಮಾಸ ಇಳಿಯುತ್ತಿತ್ತು, ಎಣ್ಣೆ ಬೆಣ್ಣೆಯಾಗುತ್ತಿತ್ತು. ಇವನು ಊಟ ಮಾಡಿ ಬರುವಷ್ಟರಲ್ಲಿ, ಸಂಜೆ ಬಿಚ್ಚಿ ನೋಡುವಷ್ಟರಲ್ಲಿ, ನಮ್ಮ ಸೆಕೆ ಅದನ್ನು ಕರಗಿಸಿ ಸಾಕ್ಷಿಯನ್ನೇ ಅಳಿಸಿರುತ್ತಿತ್ತು. ವಾಟ್ ಎ ಪರ್ಫೆಕ್ಟ್ ಕ್ರೈಮ್! ಇಷ್ಟು ಚೆಂದದ ಪ್ರಯೋಗವನ್ನು ನಮ್ಮ ಸಿಸ್ಟರಿಗೂ ಮಾಡಿ ತೋರಿಸಲಾಗಿರಲಿಲ್ಲ.

ನನ್ನ ಈ ಸಂಭ್ರಮದಲ್ಲಿ ವೈನಿಯ ಮುಖ ನೋಡಲು ಮರೆತಿದ್ದೆ. ಅವಳು ಕಂಬವನ್ನು ಹಿಡಿದುಕೊಂಡಿದ್ದಳು. “ಅಂದ್ರೆ ಇಷ್ಟು ದಿನ ನಿಮ್ಮ ಕೈ ಕಟ್ಟಿ ಹಾಕಿದ್ದು ನಾನೇ,” ಎಂದಳು ಮೆಲ್ಲಗೆ. ನಾವೆಲ್ಲ ಸುಮ್ಮನೆ ದುಃಖಪಟ್ಟ ವಾರಗಳು ಒಮ್ಮೆಗೇ ಬಂದು ಅವಳ ಹೆಗಲ ಮೇಲೆ ಕೂತಂತಿತ್ತು.

ದಾದಾ ಬೆರಳಿಗೆ ಹತ್ತಿದ್ದ ಎಣ್ಣೆಯನ್ನು ಬಲಗೈಯ ಮಣಿಕಟ್ಟಿಗೆ ಎಡಗೈಯಿಂದ ತಿಕ್ಕಿಕೊಳ್ಳುತ್ತಿದ್ದ. ಆಮೇಲೆ ಅವನ ಹೊಟ್ಟೆ ಅಲುಗಲು ಶುರುವಾಯಿತು. ಲಕ್ವದ ಮೇಲೆ ಅವನ ನಗು ಬಾಯಿಯ ಒಂದೇ ಬದಿಗೆ ಬರುತ್ತಿತ್ತು. ಆ ದಿನ ಮಾತ್ರ ಎರಡೂ ಬದಿಗೆ ಬಂದಂತೆ ನನಗೆ ಕಂಡಿತು. “ಕೈ ಸರಿ ಅದೆ ಕಣೇ,” ಎಂದ ಅವಳಿಗೆ. “ನಿನ್ನ ಎಣ್ಣೆ ಗಟ್ಟಿ, ನನ್ನ ಕೈಯೂ ಗಟ್ಟಿ. ಅದಕೆ ಅಳೂದು ಎಂತಕೆ?”

ಚಿಮಣಿ ಎಣ್ಣೆಯಲ್ಲಿ ರಾಚೆಟ್ಟನ್ನೂ ಗನ್ನನ್ನೂ ತೊಳೆದದ್ದಾಯಿತು. ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆ ಮನೆಯಲ್ಲಿತ್ತು, ಸದ್ಯಕ್ಕೆ ಅದೇ ಆದೀತು ಎಂದ ದಾದಾ. ಸೋಮವಾರ ಗುಜರಿಯವನು ಬಂದಾಗ ಮಡ್‌ಗಾರ್ಡ್ ಏರುತ್ತಿತ್ತು. “ಎಂತಾ ತಕಂಡು ಹೋಗೂದು?” ಎಂದು ಕೇಳಿದವನಿಗೆ ದಾದಾ ತಲೆ ಎತ್ತದೆಯೇ “ಚಹಾ ಕುಡ್ಕಂಡು ಹೋಗು” ಎಂದ. ನಾನೂ ಕಾರವಾರಕ್ಕೆ ಮರಳಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ, ಮತ್ತೆ ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಟರ್‍ರ್ ಟರ್‍ರ್ ಎಂಬ ಸದ್ದು ಕುಂಟದೆ ನಡೆಯಿತು. ಅವನ ಕೈ ದಣಿಯುತ್ತಿರಲಿಲ್ಲ ಎಂದಲ್ಲ, ದಣಿದಾಗ ಕೂತುಕೊಳ್ಳುತ್ತಿದ್ದ. ತನ್ನ ದಣಿವು ತನ್ನದೇ ಎಂದು ಗೊತ್ತಾದ ಮೇಲೆ ಅದಕ್ಕೆ ಮನುಷ್ಯ ಅಷ್ಟು ಹೆದರುವುದಿಲ್ಲ.

ಕೊನೆಗೆ ಚಕ್ರಗಳು. ಗನ್ನು ಹಿಡಿದು ಮೊದಲ ಚಕ್ರದ ನಟ್ಟುಗಳನ್ನೆಲ್ಲ ಏರಿಸಿದವನು ಅದನ್ನು ಕೆಳಗಿಟ್ಟ. ನಾನು ಮುಗಿಯಿತೆಂದು ಚಪ್ಪಾಳೆ ತಟ್ಟಲು ಹೊರಟೆ.

“ತಡಿ ಶಾಲೂ. ಚಕ್ರದ ಕೊನೇ ಬಿಗಿ ಗನ್ನಿಗೆ ಬಿಡೂದಲ್ಲ. ಹೆಚ್ಚೂ ಆಗ್ಬಹುದು, ಕಮ್ಮೀನೂ ಆಗ್ಬಹುದು, ಅದಕ್ಕೆ ತಿಳಿಯೂದಿಲ್ಲ. ಕೊನೇದು ಕೈಯೇ ನೋಡ್ಬೇಕು.”

ಉದ್ದನೆಯ ಚಕ್ರದ ಪಾನಾವನ್ನು ಎಡಗೈಯಿಂದ ಎತ್ತಿ ನಟ್ಟಿಗೆ ತೊಡಿಸಿದ. ಬಲಗೈಯನ್ನು ಅದರ ಮೇಲಿಟ್ಟ. ಎರಡೂ ಕೈ ಸೇರಿ ಒತ್ತಿದರೂ ಪಾನಾ ಕದಲಲಿಲ್ಲ. ನಾನು ಉಸಿರು ಹಿಡಿದು ನಿಂತಿದ್ದೆ. ನಿಮಿಷಕ್ಕೆ ಎಷ್ಟು ಗಾಳಿ ಎಂದು ಊರೂರು ಕೇಳುತ್ತ ಹೋದವಳಿಗೆ, ಗಾಳಿ ಮುಟ್ಟಬಾರದ ಕೊನೆಯ ಕಾಲು ಸುತ್ತು ಒಂದು ಉಳಿದಿರುತ್ತದೆಂದು ಯಾವ ಸೈಬರ್ ಕೆಫೆಯೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಓದಿ ದಾಟಿರಬೇಕು.

ದಾದಾ ಕಂಬದ ಕಡೆ ತಿರುಗಿದ. ಅಲ್ಲಿ ವೈನಿ ಚಹಾದ ಲೋಟ ಹಿಡಿದು, ಎಂದಿನಂತೆ ಗೆರೆಯಾಚೆ ನಿಂತಿದ್ದಳು.

“ಅದ್ನ ಅಲ್ಲಿಡು. ಬಾ ಇಲ್ಲಿ.”

“ಎಂತಕೆ?”

“ಬಾ ಅಂದ್ನಲ್ಲ. ಎಣ್ಣೆ ಗಟ್ಟಿ ಮಾಡ್ದವ್ಳಿಗೆ ಒಂದು ನಟ್ ಗಟ್ಟಿ ಮಾಡೂದು ದೊಡ್ಡದಾ?”

ಅವಳು ಬಂದಳು. ಜೀಪಿನ ಬಳಿ ಮೊದಲ ಸಲ ಕುಕ್ಕರಗಾಲಲ್ಲಿ ಕೂತು, ಅವನ ಬಲಗೈಯ ಮೇಲೆ ತನ್ನ ಎರಡೂ ಕೈ ಇಟ್ಟಳು. “ನಾನು ಹೇಳ್ದಾಗ,” ಎಂದ ಅವನು, “ಕೆಳಗೆ ಒತ್ತು. ಜೋರಲ್ಲ. ಸಾಕು ಅಂದಾಗ ಬಿಡ್ಬೇಕು.” ಒತ್ತಿದರು. ಪಾನಾ ಒಂದಿಷ್ಟು ಕದಲಿ, ಕಿರ್ ಎಂದು, ಇನ್ನಿಷ್ಟು ಕದಲಿ ನಿಂತಿತು. “ಸಾಕು,” ಎಂದ. ಅವಳು ಬಿಡಲಿಲ್ಲ. “ಇನ್ನೂ ಸ್ವಲ್ಪ ಬೇಕು, ನಂಗೆ ಗೊತ್ತಾಗ್ತದೆ,” ಎಂದಳು. ಅವನು ಅವಳ ಮುಖ ನೋಡಿದ. ಫಿಟ್ಟರನ ಗತ್ತು ಒಂದು ಗಳಿಗೆ ಹೋರಾಡಿತು. “ಆಯ್ತು, ಒತ್ತು” ಎಂದ.

ನಾನು ಕಂಪ್ರೆಸರಿನ ಬಳಿ ಹೋಗಿ ಸ್ವಿಚ್ಚು ಆರಿಸಿದೆ. ಟುಕುಟುಕು ನಿಂತು ಚಪ್ಪರದಲ್ಲಿ ಒಮ್ಮೆಲೆ ನಿಶ್ಶಬ್ದವಾಯಿತು. ದೂರದಲ್ಲಿ ಮಳೆಯ ಮೊದಲ ಗುಡುಗು ಕೇಳಿಸಿತು. ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಗಲೇ ಎರಡನೆಯ ಚಕ್ರದ ಮುಂದೆ ಹೋಗಿ ಕೂತಿದ್ದಳು, ಮತ್ತು ದಾದಾ ಪಾನಾ ಹಿಡಿದು ನಿಧಾನಕ್ಕೆ ಅವಳ ಕಡೆ ನಡೆಯುತ್ತಿದ್ದ.